ಸರದಿಯ ಕೂಸು

ಯಾರೂ ಯಾರ ಅಪ್ಪಣೆಯನ್ನೂ ಪಾಲಿಸಬಾರದು ಎಂದು ನನ್ನ ಸೋದರಮಾವ ಎಲ್ಲರಿಗೂ ಅಪ್ಪಣೆ ಮಾಡುತ್ತಿದ್ದ. ತಮಾಷೆಗೆ ಹೇಳುತ್ತಿಲ್ಲ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಅವನಿಗೆ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಒಂದು ಭಾನುವಾರ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯೊಳಗಿಂದ ರಟ್ಟು ಕಳಚಿದ ಒಂದು ಇಂಗ್ಲಿಷ್ ಪುಸ್ತಕ ಎತ್ತಿಕೊಂಡು ಬಂದ. ಆ ದಿನದಿಂದ ನಮ್ಮ ಮನೆಗೆ ಅರಾಜಕತಾವಾದ ಬಂತು. ಸರ್ಕಾರ ಬೇಡ, ಒಡೆಯ ಬೇಡ, ಪೊಲೀಸು ಬೇಡ, ದುಡಿಯುವ ಜನ ತಾವೇ ಕೂಡಿ ಕೂತು ಎಲ್ಲವನ್ನೂ ನಡೆಸಿಕೊಳ್ಳುತ್ತಾರೆ ಎನ್ನುವುದು ಅದರ ಸಾರ.

"ಹಾಗಾದ್ರೆ ನಲ್ಲೀಲಿ ನೀರು ಯಾರು ಬಿಡ್ತಾರೋ?" ಎಂದು ಅಮ್ಮ ಕೇಳಿದಳು.

"ನಾವೇ ಬಿಟ್ಕೋತೀವಿ ಅಕ್ಕಾ."

"ಇಷ್ಟು ವರ್ಷದಲ್ಲಿ ನೀನು ಒಂದು ಬಿಂದಿಗೆ ನೀರು ಹಿಡಿದಿಟ್ಟಿದ್ದು ನಾನು ಕಾಣೆ. ಊರಿಗೆಲ್ಲ ಬಿಡ್ತೀಯಾ ನೀನು?"

ಮಾವನಿಗೆ ಆಗ ಮೂವತ್ತು ದಾಟಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು ಅಷ್ಟೇ, ಹಾಗಾಗಿ ನಾನು ಅವನನ್ನು ನೀನು ಎಂದೇ ಮಾತಾಡಿಸುತ್ತಿದ್ದೆ. ದೇಶದ ಮೊದಲ ಚುನಾವಣೆಯಲ್ಲಿ ಅವನು ಓಟು ಹಾಕಲಿಲ್ಲ. ಸುಮ್ಮನೆ ಮನೆಯಲ್ಲಿ ಮಲಗಿದ್ದರೆ ಆಗುತ್ತಿತ್ತು. ಅದು ಬಿಟ್ಟು ಮತಗಟ್ಟೆಯ ಎದುರು ಇಡೀ ದಿನ ಬಿಸಿಲಲ್ಲಿ ನಿಂತು, ತಾನು ಯಾಕೆ ಓಟು ಹಾಕುವುದಿಲ್ಲ ಎಂದು ಬಂದವರಿಗೆಲ್ಲ ವಿವರಿಸಿ, ಸಂಜೆಗೆ ಜ್ವರ ಬರಿಸಿಕೊಂಡು ಬಂದ. ಮೂರು ದಿನ ಗಂಜಿ ಕುಡಿಸಿದ್ದು ನಾನು.

ನಾನು ಊದುಬತ್ತಿ ಹೊಸೆಯುತ್ತಿದ್ದೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಹೆಂಚಿನ ಮಾಡಿನ ಉದ್ದನೆಯ ಒಂದು ಕಾರ್ಖಾನೆ. ಎದುರಿಗೆ ಜಗಲಿ, ಹಿಂದೆ ಬತ್ತಿ ಒಣಗಿಸುವ ಅಂಗಳ. ಒಳಗೆ ಇಪ್ಪತ್ತೆರಡು ಜನ ಹೆಂಗಸರು. ಒಬ್ಬೊಬ್ಬಳ ಮುಂದೂ ಒಂದು ಮಣೆ, ಒಂದು ಮುದ್ದೆ ಕಲಸಿದ ಹಿಟ್ಟು, ಒಂದು ಕಟ್ಟು ಬಿದಿರು ಕಡ್ಡಿ. ಹಿಟ್ಟೆಂದರೆ ಇದ್ದಿಲ ಪುಡಿ, ಜಿಗಟು ತೊಗಟೆಯ ಪುಡಿ, ಮತ್ತೆ ಕಾಡಿನಿಂದ ಬರುವ ಹಾಲುಮಡ್ಡಿ ಅನ್ನುವ ಮರದ ಅಂಟು. ಸಂಜೆ ಹೊತ್ತಿಗೆ ಮೊಣಕೈವರೆಗೂ ಕಪ್ಪು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಇಪ್ಪತ್ತೆರಡು ಜನರಲ್ಲಿ ಮದುವೆಯಾಗದವಳು ನಾನೊಬ್ಬಳೇ. ಹದಿನೆಂಟು ತುಂಬಿತ್ತು. ಕೋಪ ಮಾತ್ರ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿ.

ಸಾವ್ಕಾರರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ತಲೆಮಾರುಗಳಿಂದ ಪೇಟೆಯ ವ್ಯಾಪಾರ ಅವರದು. ಹಣೆ ತುಂಬ ವಿಭೂತಿ, ಬೆಳಗ್ಗೆ ಶಿವಪೂಜೆ ಮುಗಿಸದೆ ನೀರು ಮುಟ್ಟುತ್ತಿರಲಿಲ್ಲ. ನಮ್ಮಪ್ಪನಿಗೆ ಪರಿಚಿತರು. ಆದರೆ ಅವರಿಗೊಂದು ಹುಚ್ಚಿತ್ತು. ಬರೆದದ್ದೇ ನಿಜ, ಬರೆಯದ್ದು ನಡೆದೇ ಇಲ್ಲ ಎನ್ನುವ ಹುಚ್ಚು. ಬೆಳಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಾಜರಿ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಯಾರು ತಡ, ಯಾರು ಜಗಳ ಆಡಿದರು, ಯಾರು ಬತ್ತಿ ಮುರಿದರು, ಎಲ್ಲವೂ ಅದರಲ್ಲಿ ಹೆಸರಿನ ಸಮೇತ ಬರೆಯಲ್ಪಡುತ್ತಿತ್ತು.

ನನ್ನ ಪಕ್ಕದ ಮಣೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಮಗು ಹೊಟ್ಟೆಯಲ್ಲಿರುವಾಗಲೇ ಎಲ್ಲಿಗೋ ಹೊರಟುಹೋದವನು ತಿರುಗಿ ಬಂದಿರಲಿಲ್ಲ. ಓಕಳಿಪುರಂನಲ್ಲಿ, ರೈಲು ಹಳಿಯ ಮಗ್ಗುಲಿಗೆ, ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲಿಂದ ಎಂಟು ತಿಂಗಳ ಹೆಣ್ಣು ಕೂಸನ್ನು ಸೊಂಟಕ್ಕೇರಿಸಿಕೊಂಡು ಅಕ್ಕಿಪೇಟೆ ಹಾದು ನಡೆದೇ ಬರುತ್ತಿದ್ದಳು. ತೊಲೆಗೆ ಹಳೆ ಸೀರೆ ಕಟ್ಟಿ ಜೋಲಿ ಮಾಡಿ ಕೂಸನ್ನು ಮಲಗಿಸಿ ಕೆಲಸಕ್ಕೆ ಕೂರುತ್ತಿದ್ದಳು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅತ್ತರೆ ಹತ್ತಿರ ಇದ್ದವರು ಕಾಲಲ್ಲಿ ಜೋಲಿ ತೂಗುತ್ತಿದ್ದೆವು. ಕೂಸಿನ ಕೆನ್ನೆಯ ಮೇಲೆ ಇಪ್ಪತ್ತೆರಡು ಜನರ ಬೆರಳಿನ ಇದ್ದಿಲೂ ಇರುತ್ತಿತ್ತು.

ಆ ಕೂಸು ಅಂಬೆಗಾಲಿಡಲು ಕಲಿತದ್ದೇ ತಪ್ಪಾಯಿತು. ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಮೆಲ್ಲಗೆ ಹಿಂದಿನ ಅಂಗಳಕ್ಕೆ ಹೋಗಿ, ಮಠಕ್ಕೆ ಕಳಿಸಬೇಕಾದ ಬತ್ತಿ ಒಣಹಾಕಿದ್ದ ಚಾಪೆಯ ನಟ್ಟನಡುವೆ ಕೂತು ಉಚ್ಚೆ ಹೊಯ್ದುಬಿಟ್ಟಿತು. ಕಪ್ಪು ಬತ್ತಿಗಳ ನಡುವೆ ಕೂತು ಎರಡು ಹಲ್ಲು ಬಿಟ್ಟು ನಗುತ್ತಿತ್ತು. ನಾವೂ ನಕ್ಕೆವು. ಸಾವ್ಕಾರರು ನಗಲಿಲ್ಲ.

"ದೇವ್ರ ಮುಂದೆ ಹಚ್ಚೋ ಪದಾರ್ಥ ಕಣ್ರಮ್ಮಾ ಇದು! ಶಿವ ಶಿವಾ! ಇನ್ನು ಮುಂದೆ ಕೂಸು ಒಳಗೆ ಬರಕೂಡ್ದು," ಎಂದು ಆಗಲೇ ಪುಸ್ತಕ ತೆರೆದು ಕಟ್ಟಳೆ ಬರೆದರು. ಕೂಸು ತಂದವಳ ಹೆಸರು ಮೊದಲ ಸಲ ಬರೆದುಕೊಂಡು ಎಚ್ಚರಿಕೆ. ಎರಡನೇ ಸಲ ತಂದರೆ ಕೆಲಸದಿಂದ ಹೊರಗೆ. ಓದಿ ಹೇಳಿ, ಅದರ ಕೆಳಗೆ ಅಕ್ಕನ ಹೆಸರು ಬರೆದರು. ಅವಳ ಮೊದಲ ಸಲ ಅಲ್ಲಿಗೇ ಮುಗಿಯಿತು.

ಆ ಸಂಜೆ ಅಕ್ಕ ಅಳಲಿಲ್ಲ. ಕೈ ತೊಳೆಯುತ್ತಾ ನನಗೆ ಹೇಳಿದಳು, "ನಮ್ಮಣ್ಣನ ಹೆಂಡ್ತಿಗೆ ಮಕ್ಳಿಲ್ಲ ಕಣೆ. ಹುಟ್ಟಿದಾಗ್ಲೇ ಕೇಳಿದ್ಲು, ಕೊಟ್ಬಿಡು, ಸಾಕ್ಕೋತೀನಿ ಅಂತ. ಯುಗಾದಿ ಆದ್ಮೇಲೆ ಬರ್ತಾಳಂತೆ. ಕೊಟ್ಬಿಡ್ತೀನಿ. ಕೆಲ್ಸ ಬಿಟ್ರೆ ಇಬ್ರೂ ಉಪವಾಸ ಸಾಯ್ಬೇಕು. ಅಲ್ಲಾದ್ರೆ ಹಾಲು ಅನ್ನ ಉಣ್ತದೆ."

ಇಷ್ಟು ಹೇಳಿ ಕೂಸನ್ನು ಎತ್ತಿಕೊಂಡು ಹೊರಟುಹೋದಳು.  ಯುಗಾದಿಗೆ ಇನ್ನೂ ಒಂದು ತಿಂಗಳಿತ್ತು.

ಮನೆಗೆ ಬಂದು ಮಾವನಿಗೆ ಹೇಳಿದೆ. ಇಂಥ ದಿನಕ್ಕೇ ಕಾದಿದ್ದವನಂತೆ ಎದ್ದು ನಿಂತ. ಮರುದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಕಾರ್ಖಾನೆಯ ಜಗಲಿಗೆ ಬಂದ. ಬಾಗಿಲಲ್ಲಿ ನಿಂತು ದುಡಿಮೆ, ಒಗ್ಗಟ್ಟು, ಸ್ವಯಂಆಡಳಿತ ಎಂದು ಅರ್ಧ ಗಂಟೆ ಮಾತಾಡಿದ. ಹೆಂಗಸರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಸಾವ್ಕಾರರು ಮಾತ್ರ ಕುರ್ಚಿಯಲ್ಲಿ ಕೂತು ತಾಳ್ಮೆಯಿಂದ ಕೇಳಿ, ಕೊನೆಗೆ ಹಾಜರಿ ಪುಸ್ತಕ ತೆರೆದರು.

"ಸರಿಯಪ್ಪಾ. ಇವರ ಪರವಾಗಿ ಮಾತಾಡೋ ಮುಖಂಡ್ರು ಯಾರು? ಹೆಸ್ರು ಹೇಳು, ಬರ್ಕೋತೀನಿ."

"ಮುಖಂಡ್ರೇ ಇಲ್ಲ ಸ್ವಾಮಿ! ಅದೇ ನಮ್ಮ ಸಿದ್ಧಾಂತ!" ಎಂದು ಮಾವ ಎದೆಯುಬ್ಬಿಸಿ ಹೇಳಿದ.

"ಹಂಗಾದ್ರೆ ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ವಲ್ಲ," ಎಂದು ಸಾವ್ಕಾರರು ಪುಸ್ತಕ ಮುಚ್ಚಿ ಒಳಗೆ ಹೋದರು.

ಹೆಂಗಸರು ಕಿಸಕ್ಕೆಂದು ನಕ್ಕರು. ಮಾವನ ಮುಖ ನೋಡಲಾಗಲಿಲ್ಲ. ಅಂದು ರಾತ್ರಿಯ ಊಟದ ಹೊತ್ತಿಗೆ ನಾನು ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದೆ. ನಿನ್ನ ಪುಸ್ತಕದಲ್ಲಿ ಕೂಸು ಇರೋ ಹೆಂಗಸಿನ ಬಗ್ಗೆ ಏನಾದ್ರೂ ಬರೆದಿದೆಯಾ ಇಲ್ವಾ ಎಂದು ಕೇಳಿದೆ. ಪಾಪ, ಹಾಳೆ ತಿರುವಿ ಹುಡುಕಿದ. ಇರಲಿಲ್ಲ.

ಹೀಗೆ ನಾಲ್ಕು ದಿನ ಕಳೆಯಿತು. ಅಕ್ಕ ಕೂಸನ್ನು ಪಕ್ಕದ ಮನೆಯ ಕಣ್ಣು ಕಾಣದ ಮುದುಕಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಮನೆಯ ಬೆನ್ನಿಗೇ ರೈಲು ಹಳಿ, ಕೂಸಿಗೆ ಅಂಬೆಗಾಲು. ಮಧ್ಯಾಹ್ನ ಎದೆ ಹಾಲು ಸೋರಿ ರವಿಕೆ ಒದ್ದೆಯಾಗುತ್ತಿತ್ತು. ಅವಳು ಬಾಯಿ ಬಿಡುತ್ತಿರಲಿಲ್ಲ, ನಾವೂ ನೋಡದವರಂತೆ ಕಡ್ಡಿ ಹೊಸೆಯುತ್ತಿದ್ದೆವು. ಒಳಗೇ ಬೇಯುತ್ತಿದ್ದೆ ನಾನು.

ಐದನೆಯ ದಿನ ಕಾರ್ಖಾನೆಯ ಜಗಲಿಯ ಮೇಲೆ ಇಬ್ಬರು ಹೊಸಬರು ಕೂತಿದ್ದರು. ಗಂಡ ಹೆಂಡತಿ, ಜೊತೆಗೆ ಎರಡು ಗೋಣಿಚೀಲ. ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರು. ನಾವು ದಿನಾ ಕೈಯಲ್ಲಿ ಕಲಸುತ್ತಿದ್ದ ಹಾಲುಮಡ್ಡಿಯನ್ನು ಮರದಿಂದ ಇಳಿಸುವವರು ಅವರು. ಇಷ್ಟು ದಿನ ಕಂತ್ರಾಟುದಾರನೊಬ್ಬ ಅವರಿಂದ ಎತ್ತಿ ಪೇಟೆಗೆ ಕಳಿಸುತ್ತಿದ್ದ. ಹೆಚ್ಚು ಅಂಟು ಬರಲಿ ಎಂದು ಮರಕ್ಕೆ ಇನ್ನೂ ಆಳವಾಗಿ ಕಚ್ಚು ಹಾಕಿ ಅಂದನಂತೆ. ಮರ ಸಾಯುತ್ತದೆ, ಆಗುವುದಿಲ್ಲ ಎಂದು ಇವರೆಲ್ಲ ಕತ್ತಿ ಕೆಳಗಿಟ್ಟರಂತೆ. ಆಮೇಲೆ, ನಮ್ಮ ಮಡ್ಡಿ ಹೋಗುವುದಾದರೂ ಎಲ್ಲಿಗೆ ನೋಡೋಣ ಎಂದು ಇಬ್ಬರನ್ನು ಬಸ್ಸು ಹತ್ತಿಸಿ ಕಳಿಸಿದ್ದರು. ಕಲಾಸಿಪಾಳ್ಯದಲ್ಲಿ ಇಳಿದು, ಅಂಟಿನ ವಾಸನೆ ಹಿಡಿದೇ ಕಾರ್ಖಾನೆ ಹುಡುಕಿಕೊಂಡು ಬಂದಿದ್ದರು.

ಸಾವ್ಕಾರರು ಯಾವುದೋ ಮದುವೆಗೆ ತುಮಕೂರಿಗೆ ಹೋಗಿದ್ದರು. ಬರುವವರೆಗೆ ಕಾಯುತ್ತೇವೆ ಎಂದು ಇಬ್ಬರೂ ಎರಡು ದಿನ ಜಗಲಿಯ ಮೇಲೆಯೇ ಇದ್ದರು. ನಾವು ಮನೆಯಿಂದ ರಾಗಿಮುದ್ದೆ, ಸಾರು ತಂದುಕೊಟ್ಟೆವು. ಆ ಹೆಂಗಸು ಒಳಗೆ ಬಂದು, ತನ್ನ ಮರದ ಅಂಟು ಬತ್ತಿಯಾಗುವುದನ್ನು ಕಣ್ಣರಳಿಸಿ ನೋಡಿದಳು. ಅಕ್ಕನ ಒದ್ದೆ ರವಿಕೆಯನ್ನೂ ನೋಡಿದಳು.

"ಕೂಸೆಲ್ಲವ್ವ?" ಎಂದು ನೇರವಾಗಿ ಕೇಳಿದಳು.

ನಾನು ಎಲ್ಲ ಹೇಳಿದೆ. ಕೂಸು, ಮಠದ ಬತ್ತಿ, ಹಾಜರಿ ಪುಸ್ತಕ, ಮೊದಲ ಸಲ, ಎರಡನೇ ಸಲ. ಪುಸ್ತಕದ ವಿಷಯ ಬಂದಾಗ ಅವಳು ಗಂಡನ ಮುಖ ನೋಡಿದಳು. ಇಬ್ಬರೂ ನಕ್ಕರು.

"ನಮ್ ಫಾರೆಸ್ಟ್ ಗಾರ್ಡೂ ಹಿಂಗೇ ಕಣವ್ವ, ಅವನ ತಾವೂ ಒಂದ್ ಬುಕ್ಕದ," ಎಂದಳು. "ಕಾಡ್ನಲ್ಲಿ ರಾಗಿ ಚೆಲ್ಬಾರ್ದು ಅಂತ ಕಾನೂನು ಮಾಡವ್ರೆ. ನಮ್ ತಾತನ ಕಾಲದಿಂದ ಚೆಲ್ಲಿದ ಹೊಲ ಅದು, ಬಿಡಾಕಾದದಾ? ಗಾರ್ಡು ಬಂದು, ಈ ಹೊಲ ಯಾರ್ದು ಅಂತನ. ಹೆಸ್ರು ಬರ್ದು ಕೇಸ್ ಹಾಕ್ಬೇಕಲ್ಲ ಅವ್ನು. ಅದ್ಕ ನಾವು ದಿನಕ್ಕೊಂದು ಮನೆಯವ್ರು ಹೋಗಿ ಕಳೆ ಕೀಳ್ತೀವಿ. ಅವ್ನು ಕೇಳಿದ್ ದಿವ್ಸ ಯಾರು ಕಳೆ ಕೀಳ್ತಾ ಇದ್ದಾರೋ, ಹೊಲ ಅವ್ರುದು. ನಾಳೀಕ ಬಂದ್ರ ಇನ್ನೊಬ್ರುದು. ಒಂದ್ ಹೊಲಕ ಎಷ್ಟ್ ಹೆಸ್ರು ಬರ್ದಾನು? ಬುಕ್ಕು ತುಂಬೋಯ್ತು, ಹೊಲ ಹಂಗೇ ಅದ."

ಯಾರ ಕೈಯೂ ಆಡಲಿಲ್ಲ. ಇಪ್ಪತ್ತೆರಡು ಮಣೆಯ ಮೇಲೆ ಕಡ್ಡಿ ಹಾಗೇ ನಿಂತವು. ನಮ್ಮಲ್ಲಿ ಒಬ್ಬಳು ಅಜ್ಜಿ ಇದ್ದಳು, ಅರವತ್ತು ದಾಟಿದವಳು, ಬಾಯಲ್ಲಿ ಒಂದೂ ಹಲ್ಲಿಲ್ಲ. ಅವಳೇ ಮೊದಲು ಬಾಯಿ ತೆರೆದಳು.

"ಲೇ, ಮೊದಲ್ನೇ ಸಲ ಬರೀ ಎಚ್ಚರಿಕೆ ಅಲ್ವಾ? ನಮ್ಮೆಲ್ಲರ್ದೂ ಮೊದಲ್ನೇ ಸಲ ಹಂಗೇ ಬಾಕಿ ಐತಲ್ಲೇ!"

ಆ ಸಂಜೆ ಮಾವ ಜಗಲಿಗೆ ಓಡಿ ಬಂದ. ಹೊಲದ ಕಥೆ ಕೇಳಿ ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು. "ನೋಡು, ನೋಡು! ಒಡೆಯ ಇಲ್ಲ, ಯಜಮಾನ ಇಲ್ಲ! ನನ್ನ ಪುಸ್ತಕದಲ್ಲಿ ಇರೋದೇ ಇದು!" ಎಂದು ಆ ಗಂಡಸಿನ ಎರಡೂ ಕೈ ಹಿಡಿದುಕೊಂಡ.

"ಯಜಮಾನ ಇಲ್ದೆ ಇದ್ದಾನಾ ಬುದ್ಧಿ? ನಮ್ಮಪ್ಪನೇ ಯಜಮಾನ," ಎಂದ ಅವನು.

ಮಾವನ ಮುಖ ಸಪ್ಪಗಾಯಿತು. "ಮತ್ತೆ, ಅವರು ಅಪ್ಪಣೆ ಕೊಟ್ರೆ?"

"ಕೊಡ್ಲಿ. ಎಲ್ರೂ ಕೂತು ಆಗ್ಲಿ ಅನ್ನಾಗಂಟ ಅವ್ನೂ ಕೂತಿರ್ಬೇಕು. ಕೂತ್ಕತಾನ." ಇದರಲ್ಲಿ ಅಷ್ಟೊಂದು ಕೇಳುವುದೇನಿದೆ ಎನ್ನುವಂತೆ ಅವನು ಮಾವನನ್ನು ನೋಡಿದ.  ಮಾವ ತನ್ನ ಸಣ್ಣ ನೋಟು ಪುಸ್ತಕ ತೆಗೆದು ಏನೋ ಬರೆದುಕೊಂಡ.

ಸಾವ್ಕಾರರು ಊರಿಂದ ಬಂದವರು ಆ ಚೀಲಗಳನ್ನು ಮುಟ್ಟಲಿಲ್ಲ. ಪರ್ಮಿಟ್ಟಿಲ್ಲದ ಮಾಲು, ನನ್ನ ಪುಸ್ತಕಕ್ಕೆ ಬರೆಯಲಾಗುವುದಿಲ್ಲ ಎಂದರು. ಮಾವನೇ ಒಂದು ಚೀಲ ಹೆಗಲಿಗೇರಿಸಿ ಅವರನ್ನು ಅಕ್ಕಿಪೇಟೆಯ ಅಂಗಡಿ ಅಂಗಡಿಗೆ ಕರೆದೊಯ್ದ. ಮೂರನೆಯ ಅಂಗಡಿಯವನು ಕೊಂಡುಕೊಂಡ. ಮುಂದಿನ ಬೇಸಿಗೆಯಲ್ಲಿ ಬೆಟ್ಟದಿಂದ ಬೇರೆ ಇಬ್ಬರು ಬಂದರು. ಹೊಲ ಇನ್ನೂ ಇತ್ತಂತೆ, ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತಂತೆ.

ಆ ಗಂಡ ಹೆಂಡತಿ ಊರಿಗೆ ಹೋದ ಮರುದಿನದಿಂದ ನಮ್ಮ ಸರದಿ ಶುರುವಾಯಿತು. ಅಕ್ಕ ಅಕ್ಕಿಪೇಟೆಯ ಮೂಲೆಯವರೆಗೆ ಕೂಸನ್ನು ತರುತ್ತಿದ್ದಳು. ಅಕ್ಕಿಮೂಟೆ ಇಳಿಸುವ ಗಾಡಿಗಳ ಮಗ್ಗುಲಲ್ಲಿ ಆ ದಿನದವಳು ಕಾದು ನಿಂತಿರುತ್ತಿದ್ದಳು. ಕೂಸು ಇವಳ ಸೊಂಟದಿಂದ ಅವಳ ಸೊಂಟಕ್ಕೆ. ಅಕ್ಕ ಬರಿಗೈಯಲ್ಲಿ ಮುಂದೆ ನಡೆದು ಬರುವಳು, ಹಿಂದಿನಿಂದ ಕೂಸು. ಒಳಗೆ ಬಂದ ಮೇಲೆ ಜೋಲಿ, ಹಾಲು, ಎಲ್ಲ ಮೊದಲಿನ ಹಾಗೆಯೇ. ಹಿಂದಿನ ಅಂಗಳಕ್ಕೆ ಹೋಗದಂತೆ ಬಾಗಿಲಿಗೆ ಅಡ್ಡ ಹಲಗೆ ಇಟ್ಟೆವು. ಅದನ್ನು ಮೊದಲೇ ಮಾಡಬೇಕಿತ್ತು, ತಪ್ಪು ನಮ್ಮದೂ ಇತ್ತು.

ಮೊದಲ ದಿನದವಳನ್ನು ಸಾವ್ಕಾರರು ಬಾಗಿಲಲ್ಲಿ ತಡೆದರು. "ಯಾರ ಕೂಸಿದು?"

"ನಂದು ಸ್ವಾಮಿ."

"ನಿಂದಾ? ನಾನೇನು ಕುರುಡನಾ?"

"ನಂದೇ. ಬರ್ಕೊಳ್ಳಿ."

ಬರೆದುಕೊಂಡರು. ಬೇರೆ ಏನು ಮಾಡಿಯಾರು? ಕಟ್ಟಳೆ ಅವರದೇ. ಎಷ್ಟು ದಿನ ನಡೆಯುತ್ತೆ, ಇಪ್ಪತ್ತೆರಡಕ್ಕೆ ಮುಗಿಯಲೇಬೇಕಲ್ಲ ಎಂದು ಅವರೂ ಲೆಕ್ಕ ಹಾಕಿದ್ದರು. ಅದೂ ಅಲ್ಲದೆ ಹಬ್ಬದ ಕಾಲ, ಬತ್ತಿಗೆ ಬೇಡಿಕೆ, ಎಲ್ಲರನ್ನೂ ಒಟ್ಟಿಗೆ ಹೊರಗೆ ಹಾಕುವ ಹಾಗಿರಲಿಲ್ಲ. ಅಜ್ಜಿಯ ಸರದಿಯ ದಿನ ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು. ಅಜ್ಜಿ ಕೂಸನ್ನು ಎದೆಗವುಚಿಕೊಂಡು ಗತ್ತಿನಿಂದ ನಡೆದು ಬಂದಳು. "ನಂದೇ ಸ್ವಾಮಿ. ಏನ್ಮಾಡೋದು, ವಸಿ ತಡವಾಗಿ ಹುಟ್ತು!" ಎದುರಿನ ಸೈಕಲ್ ಅಂಗಡಿಯವನು ನಕ್ಕು ನಕ್ಕು ಪಂಪು ಕೆಳಗೆ ಬಿಟ್ಟ. ಸಾವ್ಕಾರರ ಮೀಸೆ ಸ್ವಲ್ಪ ಅಲ್ಲಾಡಿದ್ದು ನಾನು ನೋಡಿದೆ. ಆದರೂ ಬರೆದುಕೊಂಡರು.

ಒಬ್ಬೊಬ್ಬರಾಗಿ ಇಪ್ಪತ್ತೂ ಮುಗಿಯಿತು. ಅಕ್ಕನ ಹೆಸರು ಮೊದಲೇ ಹೋಗಿತ್ತು. ಉಳಿದವಳು ನಾನೊಬ್ಬಳೇ. ಯುಗಾದಿ ಕಳೆದಿತ್ತು. ಅಣ್ಣನ ಹೆಂಡತಿ ಸೋಮವಾರ ಬರುತ್ತಾಳೆಂದು ಕಾಗದವೂ ಬಂದಿತ್ತು. ಅಂದು ಗುರುವಾರ.

"ನೀನು ಲೆಕ್ಕಕ್ಕಿಲ್ಲ ಬಿಡೇ," ಎಂದಳು ಅಕ್ಕ. "ಮದುವೆ ಆಗ್ಬೇಕಾದ ಹುಡುಗಿ. ನೀನು ಕೂಸು ಎತ್ಕೊಂಡು ನಂದು ಅಂದ್ರೆ ಊರು ಏನಂತದೆ? ಸಾಕು. ಇಷ್ಟು ದಿನ ನನ್ನ ಮಗಳು ನನ್ನ ಜೊತೆ ಇದ್ಲಲ್ಲ."

ಅವಳು ಹೇಳಿದ್ದು ಬರೀ ಮಾತಲ್ಲ. ಬಸವನಗುಡಿಯಿಂದ ನನ್ನನ್ನು ನೋಡಲು ಶನಿವಾರ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಗುಮಾಸ್ತ, ಸ್ವಂತ ಮನೆ. ಅಪ್ಪನಿಲ್ಲದ, ಕೈ ಕಪ್ಪಾದ ಹುಡುಗಿಗೆ ಅದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗಬೇಕು? ಅಮ್ಮ ವಾರದಿಂದ ನನ್ನ ಉಗುರಿಗೆ ನಿಂಬೆಹಣ್ಣು ಉಜ್ಜುತ್ತಿದ್ದಳು.

ಮನೆಗೆ ಬಂದು, ನಾಳೆ ನನ್ನ ಸರದಿ ಎಂದೆ. ಅಮ್ಮ ತಟ್ಟೆಯನ್ನು ಕುಕ್ಕಿ ಇಟ್ಟು ಒಳಗೆ ಹೋದಳು. ಅಮ್ಮನಿಂದ ನಾನು ಅದನ್ನೇ ನಿರೀಕ್ಷಿಸಿದ್ದೆ. ಮಾವನಿಂದ ನಿರೀಕ್ಷಿಸಿರಲಿಲ್ಲ.

"ಬೇಡ," ಎಂದ ಮಾವ. "ಬೇರೆಯವರ ವಿಷಯ ಬೇರೆ. ನಮ್ಮನೆ ಹುಡುಗಿ ಹಾಗೆ ಮಾಡಕೂಡ್ದು. ನಾನು ಹೇಳ್ತಿದೀನಿ, ಹೋಗಕೂಡ್ದು ಅಂದ್ರೆ ಹೋಗಕೂಡ್ದು."

ನನಗೆ ನೆತ್ತಿಗೇರಿತು. "ಇದು ಯಾರ ಅಪ್ಪಣೆ ಮಾವ? ಯಾರೂ ಯಾರ ಅಪ್ಪಣೇನೂ ಪಾಲಿಸ್ಬಾರ್ದು ಅಂತ ಊರೆಲ್ಲ ಡಂಗುರ ಸಾರಿದೋನು ನೀನೇ ಅಲ್ವಾ? ಓಟು ಹಾಕ್ದೆ ಬಿಸಿಲಲ್ಲಿ ನಿಂತು ಜ್ವರ ಬರಿಸ್ಕೊಂಡೋನು ನೀನೇ ಅಲ್ವಾ? ಬೇರೆಯವರ ಮನೆ ಹೆಂಗಸ್ರು ಮಾಡಿದ್ರೆ ಕ್ರಾಂತಿ, ನಮ್ಮನೆಯೋಳು ಮಾಡಿದ್ರೆ ಮಾನ ಹೋಗುತ್ತಾ? ಸುಡು ನಿನ್ನ ಪುಸ್ತಕಾನ!"

ಕೂಗಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು.  ಬೆಳಗ್ಗೆ ನಾನು ಎದ್ದಾಗ ಮಾವ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದುಕೊಂಡು ನಿಂತಿದ್ದ. ನನ್ನ ಸ್ನಾನಕ್ಕೆ ನೀರು ತುಂಬಿಸಿದ. "ಅಕ್ಕಿಪೇಟೆವರೆಗೂ ಜೊತೆಗೆ ಬರ್ಲಾ?" ಎಂದು ಕೇಳಿದ. ಬೇಡ, ನಾನೇ ಹೋಗ್ತೀನಿ ಎಂದೆ. ಅವನ ಮೇಲಿನ ಸಿಟ್ಟೆಲ್ಲ ಆಗಲೇ ಇಳಿದುಹೋಗಿತ್ತು, ಆದರೆ ಅದನ್ನು ಅವನಿಗೆ ಹೇಳಲಿಲ್ಲ.

ಆ ದಾರಿ ನನಗೆ ಇವತ್ತೂ ಹೆಜ್ಜೆ ಹೆಜ್ಜೆಗೂ ನೆನಪಿದೆ. ಕೂಸು ಭಾರವಾಗಿತ್ತು. ನನ್ನ ಜಡೆ ಹಿಡಿದು ಎಳೆಯುತ್ತಿತ್ತು. ಹೂವಿನವಳು ಕೂಗುವುದನ್ನು ನಿಲ್ಲಿಸಿದಳು. ಹೋಟೆಲಿನ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಳಿಸಿದರು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಸುಳ್ಳು ಯಾಕೆ ಹೇಳಲಿ, ಒಂದು ತಿರುವಿನಲ್ಲಿ, ಮನೆಗೆ ಓಡಿಹೋಗಿಬಿಡೋಣ ಎಂದೂ ಅನ್ನಿಸಿತು. ಆಗ ಕೂಸು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಿತು. ಮಲಗಿದ ಕೂಸನ್ನು ಹೊತ್ತು ಓಡಲಾಗುತ್ತದೆಯೇ? ಮೆಲ್ಲಗೆ ನಡೆದೆ.

ಸಾವ್ಕಾರರು ದೂರದಿಂದಲೇ ನನ್ನನ್ನು ನೋಡಿ ಕುರ್ಚಿಯಿಂದ ಎದ್ದರು. ಒಳಗೆ ಮಣೆಗಳ ಮುಂದೆ ಕೂತವರೆಲ್ಲ ಬಾಗಿಲ ಕಡೆ ತಿರುಗಿದ್ದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನೀನೂನಾ?" ಎಂದರು ಸಾವ್ಕಾರರು. ದನಿ ಎಂದಿನಂತಿರಲಿಲ್ಲ. "ಯಾರ ಕೂಸಮ್ಮ ಇದು?"

"ನಂದು."

"ಹುಚ್ಚು ಹುಡುಗೀ! ಏನ್ ಹೇಳ್ತಿದೀಯ ಗೊತ್ತಾ ನಿಂಗೆ? ನಾನು ಬರೆದ್ರೆ ಬರೆದ ಹಾಗೆಯೇ. ನಾಳೆ ಯಾರಾದ್ರೂ ಬಂದು ಈ ಪುಸ್ತಕ ನೋಡಿದ್ರೆ ನಿನ್ನ ಬಾಳು ಏನಾಗುತ್ತೆ? ನಿಮ್ಮಪ್ಪ ನನ್ನ ಜೊತೆ ಈ ಜಗಲಿ ಮೇಲೆ ಕೂತು ಮಾತಾಡಿದ ಮನುಷ್ಯ ಕಣಮ್ಮ."

"ಬರೀರಿ ಸಾವ್ಕಾರ್ರೇ," ಎಂದೆ. ಅಳು ಬರುತ್ತಿತ್ತು, ಕೋಪವೂ ಬರುತ್ತಿತ್ತು. "ಎಲ್ಲರ್ದೂ ಬರೆದ್ರಿ. ನಂದೂ ಬರೀರಿ. ಇವತ್ತೊಂದು ದಿನ ಅವಳು ಕೂಸಿಗೆ ಹಾಲು ಕೊಡ್ಲಿ. ಸೋಮವಾರ ಹೇಗೂ ಅದನ್ನ ಯಾರಿಗೋ ಕೊಟ್ಬಿಡ್ತಾಳೆ. ನಿಮ್ಮ ಬತ್ತಿಯ ಮಡಿ ಉಳಿಯುತ್ತೆ."

"ಕೊಟ್ಬಿಡ್ತಾಳಾ?" ಅವರಿಗೆ ಇದು ಗೊತ್ತಿರಲಿಲ್ಲ. ಒಳಗೆ ತಿರುಗಿ ಅಕ್ಕನನ್ನು ನೋಡಿದರು. ಅಕ್ಕ ತಲೆಯೆತ್ತಲಿಲ್ಲ.

ಸಾವ್ಕಾರರು ಮತ್ತೆ ಕುರ್ಚಿಯಲ್ಲಿ ಕೂತರು. ಪುಸ್ತಕ ತೆರೆದರು. ಲೇಖನಿ ಶಾಯಿಗೆ ಅದ್ದಿದರು. ಹಾಳೆಯ ಮೇಲೆ ಕೈ ಇಟ್ಟರು. ಆ ಕೈ ಮುಂದೆ ಹೋಗಲಿಲ್ಲ. ಶಾಯಿ ಹಾಳೆಯ ಮೇಲೆ ತೊಟ್ಟಿಕ್ಕಿತು. ಇಡೀ ಜೀವಮಾನ ಕಣ್ಣಿಗೆ ಕಂಡದ್ದನ್ನೆಲ್ಲ ಬರೆದ ಮನುಷ್ಯ, ಒಂದು ಹೆಸರು ಬರೆಯಲಾಗದೆ ಕೂತಿದ್ದರು. ಕೊನೆಗೆ ಲೇಖನಿ ಒರೆಸಿ ಕಿಸೆಗೆ ಸಿಕ್ಕಿಸಿಕೊಂಡು ಪುಸ್ತಕ ಮುಚ್ಚಿದರು.

"ಒಳಗೆ ಕರ್ಕೊಂಡು ಹೋಗು. ಅಂಗಳದ ಬಾಗ್ಲಿಗೆ ಆ ಹಲಗೆ ಸಾಲದು, ಬಡಗಿಗೆ ಹೇಳ್ತೀನಿ," ಎಂದರು.

ಮರುದಿನ ಬಡಗಿ ಬಂದು ಸೊಂಟದೆತ್ತರದ ಒಂದು ಗೇಟು ಹಾಕಿದ. ಕಟ್ಟಳೆ ಬರೆದ ಹಾಳೆಯನ್ನು ಅವರು ಹರಿಯಲಿಲ್ಲ, ಹೊಡೆದೂ ಹಾಕಲಿಲ್ಲ. ಮತ್ತೆಂದೂ ಆ ಹಾಳೆಯ ಮಾತೆತ್ತಲಿಲ್ಲ ಅಷ್ಟೇ. ಅಕ್ಕ ತಾನೇ ಕೂಸನ್ನು ಎತ್ತಿಕೊಂಡು ಬರಬಹುದಿತ್ತು. ಆದರೂ ಅಕ್ಕಿಪೇಟೆಯ ಮೂಲೆಯಲ್ಲಿ ಕೂಸಿಗಾಗಿ ಒಬ್ಬಳಲ್ಲ ಒಬ್ಬಳು ಕಾಯುವುದು ನಿಲ್ಲಲಿಲ್ಲ. ಅಭ್ಯಾಸ ಆಗಿಹೋಗಿತ್ತು. ಸಾವ್ಕಾರರು ಬಾಗಿಲಲ್ಲಿ ಕೇಳುವುದೂ ನಿಲ್ಲಲಿಲ್ಲ, ಈಗ ಕೂಸಿನ ಗಲ್ಲ ಚಿವುಟುತ್ತಾ ಕೇಳುತ್ತಿದ್ದರು.

ಬಸವನಗುಡಿಯವರು ಶನಿವಾರ ಬರಲಿಲ್ಲ. ಯಾಕೆ ಎಂದು ಹೇಳಿ ಕಳಿಸಲೂ ಇಲ್ಲ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆ ಹುಡುಗನ ಫೋಟೋ ನನಗೆ ಇಷ್ಟವಾಗಿತ್ತು. ಹಾಳಾಗಿ ಹೋಗಲಿ ಎಂದುಕೊಂಡೆ.

ಸೋಮವಾರ ಮಧ್ಯಾಹ್ನ ಅಕ್ಕನ ಅತ್ತಿಗೆ ನೇರ ಕಾರ್ಖಾನೆಗೇ ಬಂದಳು. ಒಳ್ಳೆಯ ರೇಷ್ಮೆ ಸೀರೆ ಉಟ್ಟ, ಮೆತ್ತಗಿನ ಹೆಂಗಸು. ಕೈಯಲ್ಲೊಂದು ಬಟ್ಟೆಯ ಗಂಟು. ಅದರಲ್ಲಿ ಹೊಸ ಲಂಗ, ಕುಲಾವಿ, ಕಾಲ್ಗೆಜ್ಜೆ. ನಾನು ಅವಳನ್ನು ದ್ವೇಷಿಸಬೇಕೆಂದು ತಯಾರಾಗಿ ಕೂತಿದ್ದೆ. ಅವಳು ಕೂಸನ್ನು ನೋಡಿದ ರೀತಿ ನೋಡಿ ನನ್ನಿಂದ ಆಗಲಿಲ್ಲ.

ಅಕ್ಕ ಎದ್ದು ನಿಂತಳು. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಕೊಡೋಕೆ ಇದು ನಂದೊಬ್ಬಳದೇ ಕೂಸಲ್ಲ. ಇಪ್ಪತ್ತೆರಡು ಜನರ ಕೂಸು. ಸಾವ್ಕಾರ್ರ ಪುಸ್ತಕದಲ್ಲೇ ಬರೆದಿದೆ. ಎಲ್ಲರ್ನೂ ಕೇಳಿ."

ಅತ್ತಿಗೆ ನಮ್ಮನ್ನೆಲ್ಲ ನೋಡಿದಳು. ಇಪ್ಪತ್ತೊಂದು ಜೊತೆ ಕಪ್ಪು ಕೈ ಮಣೆಯ ಮೇಲೆ ನಿಂತಿದ್ದವು. ಅವಳು ಯಾರನ್ನೂ ಏನೂ ಕೇಳಲಿಲ್ಲ. ನೆಲದ ಮೇಲೆ ಕೂತಳು. ಗಂಟು ಬಿಚ್ಚಿ, ತಂದ ಗೆಜ್ಜೆಯನ್ನು ಕೂಸಿನ ಕಾಲಿಗೆ ಹಾಕಿದಳು. ತಿರುಪು ಬಿಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ನಾಳೆ ಸಂಜೆ ಬಸ್ಸಿಗೆ ನಾನು ಊರಿಗೆ ಹೋಗ್ತೀನಿ," ಎಂದಳು, ನೆಲ ನೋಡುತ್ತಾ. "ನಾಳೆ ಬೆಳಿಗ್ಗೆ ಒಂದಿನ, ನಾನೂ ಎತ್ಕೊಂಡು ಬರ್ಲಾ?"

ಮರುದಿನ ಬೆಳಗ್ಗೆ ನಾವೆಲ್ಲ ಬೇಗ ಬಂದು ಒಳಗೆ ಕೂತಿದ್ದೆವು. ಅವಳು ಬೀದಿಯ ನಡುವೆ, ಬಹಳ ನಿಧಾನವಾಗಿ, ಕೂಸನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದುಕೊಂಡು ಬಂದಳು. ಸಾವ್ಕಾರರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಗುರುತಿಲ್ಲದ ಮುಖ. 

"ಯಾರ ಕೂಸಮ್ಮ?" ಎಂದು ಕೇಳಿದರು.

ಅವಳು ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡಳು. ಹುಟ್ಟಿದಂದಿನಿಂದ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ನಂದು," ಎಂದಳು.

"ಬಾಮ್ಮ, ಒಳಗೆ ಬಾ. ಬಿಸಿಲು," ಎಂದು ಸಾವ್ಕಾರರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.